ಕೊರಳಿನ ಕವಲು

ಕೊರಳನ್ನು ಶಂಖಕ್ಕೆ ಹೋಲಿಸುವುದು ಕವಿಗಳ ಹಳೆಯ ವಾಡಿಕೆ. ಹೊರಗಿನಿಂದ ನೋಡುವವರಿಗೆ ಆ ಹೋಲಿಕೆ ಸಾಕು. ಒಳಹೊಕ್ಕು ನೋಡಬೇಕಾದ ವೈದ್ಯನಿಗೆ ಮಾತ್ರ ಕೊರಳು ಒಂದು ಇಕ್ಕಟ್ಟಾದ ಕಣಿವೆ. ಉಸಿರಿನ ಕೊಳವೆ, ಅನ್ನದ ಕೊಳವೆ, ನಾಲಗೆಯನ್ನೂ ದನಿಯನ್ನೂ ಆಡಿಸುವ ನರಗಳು, ಮಿದುಳಿಗೆ ನೆತ್ತರನ್ನು ಒಯ್ಯುವ ಧಮನಿಗಳು, ಇವೆಲ್ಲವೂ ಗೇಣುದ್ದದ ಎಡೆಯಲ್ಲಿ ಒಂದನ್ನೊಂದು ಒತ್ತಿಕೊಂಡು ಸಾಗುತ್ತವೆ. ಆ ಧಮನಿಗಳಿಗೆ ಕೆರಾಟಿಡ್ ಎಂದು ಹೆಸರು. ಗಾಢವಾದ ಮಂಪರು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದು ಹುಟ್ಟಿತೆನ್ನುತ್ತಾರೆ. ಅವನ್ನು ಅದುಮಿದರೆ ಎಚ್ಚರ ತಪ್ಪುವುದೆಂದು ಪ್ರಾಚೀನರು ಎಣಿಸಿದ್ದರು.

ನಮ್ಮ ಶ್ರೀರಂಗಪಟ್ಟಣದವರಿಗೆ ಈ ಧಮನಿಯ ಆಕಾರವನ್ನು ತಿಳಿಸಲು ಚಿತ್ರಪಟವೇ ಬೇಕಾಗಿಲ್ಲ. ಪಟ್ಟಣದ ಪಡುವಲಲ್ಲಿ ಕಾವೇರಿ ಎರಡಾಗಿ ಒಡೆದು ದ್ವೀಪವನ್ನು ಬಳಸಿ ಹರಿಯುವಳಷ್ಟೆ. ಎದೆಯಿಂದ ಮೇಲೇರಿ ಬರುವ ಧಮನಿಯೂ ದವಡೆಯ ಕೆಳಗೆ ಹಾಗೆಯೇ ಎರಡು ಕವಲಾಗುತ್ತದೆ. ಹೊರಗವಲು ಮುಖಕ್ಕೂ ನೆತ್ತಿಯ ಚರ್ಮಕ್ಕೂ ಹೋಗುತ್ತದೆ. ಒಳಗವಲು ಮಿದುಳಿಗೂ ಕಣ್ಣಿಗೂ ಹೋಗುತ್ತದೆ. ಹೊಳೆ ಕವಲೊಡೆಯುವೆಡೆಯಲ್ಲಿ ಸುಳಿಯೆದ್ದು, ವೇಗ ತಗ್ಗಿದ ಮಗ್ಗುಲಿಗೆ ಮರಳು ನಿಲ್ಲುವುದನ್ನು ಕಂಡವರು, ಕೊಬ್ಬೂ ಸುಣ್ಣವೂ ಕೂಡಿದ ಕಿಟ್ಟವು ಧಮನಿಯ ಕವಲಿನಲ್ಲಿಯೇ ಏಕೆ ಕಟ್ಟುತ್ತದೆಂಬುದನ್ನು ಸುಲಭವಾಗಿ ಊಹಿಸಬಲ್ಲರು. ದಾರಿ ಕಿರಿದಾಗುವುದೊಂದೇ ಅಪಾಯವಲ್ಲ. ಆ ಕಿಟ್ಟದಿಂದ ಚೂರೊಂದು ಕಳಚಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಹೆಚ್ಚಿನ ಭಯ ಇದೇ.

ಇದನ್ನೆಲ್ಲ ನಾನು ಕಲಿತುದು ವಿದ್ಯೆಯ ಹಂಬಲದಿಂದಲ್ಲ, ಕೃಷ್ಣರಾಜಪೇಟೆಯ ಕಡೆಯ ನನ್ನ ಸೋದರಮಾವನವರ ದೆಸೆಯಿಂದ. ಅವರು ನಿವೃತ್ತ ಉಪಾಧ್ಯಾಯರು, ವಯಸ್ಸು ಎಪ್ಪತ್ತಾರು, ಎರಡು ಹಸುಗಳ ಯಜಮಾನರು. ಒಂದು ರಾತ್ರಿ ಊಟಕ್ಕೆ ಕುಳಿತಿರುವಾಗ ಅವರ ಬಲಗೈ ಮುದ್ದೆಯನ್ನು ಮುರಿಯಲಾರದೆ ಹೋಯಿತು. ಅತ್ತೆ ಏನೆಂದು ಕೇಳಿದರೆ ಮಾತು ತೊದಲಿತು. ಕಾಲು ಗಂಟೆಯೊಳಗಾಗಿ ಕೈಯೂ ಮಾತೂ ಮೊದಲಿನಂತಾದುವು. ಅವರು ಉಳಿದ ಮುದ್ದೆಯನ್ನು ಮುಗಿಸಿ, "ವಾಯು ಇರಬೇಕು" ಎಂದು ಮಲಗಿಬಿಟ್ಟರು. ಹೀಗೆ ಬಂದು ಹೀಗೆ ಹೋಗುವ ನಿಶ್ಶಕ್ತಿಯೇ ದೊಡ್ಡ ಲಕ್ವದ ಮುಂಗಾಮಿ. ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಕೆಲವು ನಿಮಿಷಗಳಲ್ಲಿ ತೆರವಾಗುವುದೂ ಅದೇ ಜಾತಿಯದು. ಅತ್ತೆ ಮಾತ್ರ ವಾಯುವನ್ನು ನಂಬಲಿಲ್ಲ. ಬೆಳಗಾಗುತ್ತಲೆ ಅವರನ್ನು ಹೊರಡಿಸಿದರು.

ನೆತ್ತರಿಗೆ ಔಷಧವನ್ನು ಸೇರಿಸಿ ತೆಗೆದ ಚಿತ್ರದಲ್ಲಿ ಎಡಗಡೆಯ ಒಳಗವಲು ನೂರಕ್ಕೆ ಎಂಬತ್ತರಷ್ಟು ಮುಚ್ಚಿರುವುದು ಕಂಡಿತು. ಮಾವನವರು ಹಬ್ಬ ಕಳೆಯಲಿ ಎಂದರು. ಇಂತಹ ಸೂಚನೆ ಬಂದ ಮೇಲೆ ಎರಡು ವಾರದೊಳಗೆ ದಾರಿಯನ್ನು ಬಿಡಿಸಿದರೆ ಹೆಚ್ಚು ಫಲ, ತಡವಾದಷ್ಟೂ ಫಲ ಕಡಮೆ ಎಂದು ವೈದ್ಯರು ಹೇಳಿದುದರಿಂದ ಹಬ್ಬದ ಮಾತು ಅಲ್ಲಿಗೇ ನಿಂತಿತು. ಆಮೇಲೆ ಎದ್ದುದು ಬೇರೆ ಚರ್ಚೆ. ಬೆಂಗಳೂರಿನಲ್ಲಿರುವ ಅವರ ಮಗ, "ಅಪ್ಪನಿಗೆ ಕತ್ತು ಕುಯ್ಯುವುದು ಬೇಡ, ಹೃದಯಕ್ಕೆ ಹಾಕುವ ಹಾಗೆ ತೊಡೆಯ ಸಂದಿನಿಂದ ಸ್ಟೆಂಟು ಹಾಕಿಬಿಡಲಿ" ಎಂದು ಹಟ ಹಿಡಿದನು. ಕತ್ತಿಯಿಲ್ಲದ ಚಿಕಿತ್ಸೆ ಮೃದುವಾದುದೆಂದು ನಂಬದವರಾರು? ನಾನೂ ಅದನ್ನೇ ಅನುಮೋದಿಸುವವನಿದ್ದೆ.

ವೈದ್ಯರು ಹಿರಿಯರು, ಮಾತಿಗೆ ಬಡವರಲ್ಲ. ಚಿತ್ರವನ್ನು ದೀಪದೆದುರು ಹಿಡಿದು, "ಮೇಷ್ಟ್ರೆ, ತೊಂದರೆ ಇರುವುದು ಕತ್ತಿನಲ್ಲಿ. ಆದರೆ ನಿಮ್ಮ ಮಗ ಹೇಳುವ ದಾರಿ ಎದೆಯ ಮೇಲೆ ಹಾದುಹೋಗುತ್ತದೆ. ಮೊದಲು ಅದನ್ನು ನೋಡೋಣ" ಎಂದರು. ಹೃದಯದಿಂದ ಹೊರಟ ಮಹಾಧಮನಿ ಎದೆಯಲ್ಲಿ ಕಮಾನಿನಂತೆ ಬಾಗುತ್ತದೆ. ತಲೆಗೂ ತೋಳುಗಳಿಗೂ ಹೋಗುವ ಕೊಂಬೆಗಳು ಆ ಕಮಾನಿನಿಂದ ಹುಟ್ಟುತ್ತವೆ. ಹರೆಯದಲ್ಲಿ ಅವು ಕಮಾನಿನ ನೆತ್ತಿಯ ಮಟ್ಟದಿಂದಲೇ ಏಳುವುದು ವಾಡಿಕೆ. ತೊಡೆಯಿಂದ ಮೇಲೇರಿ ಬಂದ ತೆಳುಗೊಳವೆ ಸಲೀಸಾಗಿ ಒಳಹೊಗುತ್ತದೆ. ವಯಸ್ಸೂ ರಕ್ತದ ಒತ್ತಡವೂ ಏರಿದಂತೆ ಕಮಾನು ನೀಳವಾಗಿ ಮೇಲಕ್ಕೆ ಉಬ್ಬುತ್ತದೆ. ಕೊಂಬೆಗಳ ಮೂಲ ಕೆಳಗೆ ಉಳಿದುಬಿಡುತ್ತದೆ. ಈ ಅಂತರವನ್ನು ಅಳೆಯಲು ವೈದ್ಯರು ಎಡ ಕೆರಾಟಿಡ್ ಧಮನಿಯ ಅಗಲವನ್ನೇ ಕೋಲಾಗಿ ಇಟ್ಟುಕೊಂಡಿದ್ದಾರೆ. ಒಂದು ಅಗಲದೊಳಗಿದ್ದರೆ ಮೊದಲನೆಯ ಬಗೆ, ಎರಡರವರೆಗೆ ಎರಡನೆಯದು, ಅದನ್ನು ಮೀರಿದರೆ ಮೂರನೆಯದು. ಮೂರನೆಯ ಬಗೆಯಲ್ಲಿ ಕೊಳವೆ ಕಮಾನನ್ನು ಹತ್ತಿ, ಆಚೆಗೆ ಇಳಿದು, ಮತ್ತೆ ಹಿಮ್ಮುರಿದು ಮೇಲೇರಬೇಕು. ಇಕ್ಕಟ್ಟಾದ ಓಣಿಯಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸಿದವರಿಗೆ ಆ ಕಷ್ಟ ಗೊತ್ತು; ಗೋಡೆಗೆ ಉಜ್ಜದೆ ತಿರುಗುವುದಿಲ್ಲ. ಇಲ್ಲಿ ಗೋಡೆಯ ತುಂಬ ಕಿಟ್ಟ. ಉಜ್ಜಿದರೆ ಚೂರುಗಳು ಏಳುತ್ತವೆ. ಎದ್ದುವು ಹೋಗುವುದು ಮಿದುಳಿಗೆ. ಲಕ್ವವನ್ನು ತಡೆಯಹೋಗಿ ಲಕ್ವವನ್ನು ತಂದುಕೊಂಡಂತಾಗುತ್ತದೆ.

ಮಾವನವರ ಕಮಾನು ಮೂರನೆಯ ಬಗೆಯದಾಗಿತ್ತು. ಸಾಲದೆಂದು ಇನ್ನೊಂದು ವಿಚಿತ್ರವೂ ಇತ್ತು. ಅವರ ಎಡ ಕೆರಾಟಿಡ್ ಧಮನಿ ಬೇರೆಯಾಗಿ ಹುಟ್ಟದೆ ಬಲಗಡೆಯ ಕೊಂಬೆಯೊಡನೆ ಕೂಡಿ ಹುಟ್ಟಿ, ಅಡ್ಡಲಾಗಿ ಎಡಕ್ಕೆ ಬಾಗಿತ್ತು. ಹೀಗಿರುವವರು ನೂರಕ್ಕೆ ಹತ್ತು ಮಂದಿಗೂ ಹೆಚ್ಚು ಸಿಕ್ಕುತ್ತಾರಂತೆ. ವೈದ್ಯಭಾಷೆಯಲ್ಲಿ ಇದಕ್ಕೆ 'ಹಸುವಿನ ಕಮಾನು' ಎಂಬ ಹೆಸರುಂಟು. ನಿಜವಾದ ಹಸುವಿನಲ್ಲಾದರೋ ಎಲ್ಲ ಕೊಂಬೆಗಳಿಗೂ ಒಂದೇ ಬೊಡ್ಡೆ. ಹೆಸರಿಟ್ಟವರು ಹಸುವನ್ನು ಸರಿಯಾಗಿ ನೋಡಿರಲಿಲ್ಲ. ಮಾವನವರಿಗೆ ಮಾತ್ರ ಹೆಸರು ಹಿಡಿಸಿತು. "ಕೇಳಿದೆಯೇನಯ್ಯ ಅಳಿಯ, ಮೂವತ್ತು ವರ್ಷ ಹಸು ಸಾಕಿದ್ದಕ್ಕೆ ಫಲ" ಎಂದು ನಕ್ಕರು. ಆ ಕೊಠಡಿಯಲ್ಲಿ ನಕ್ಕವರು ಅವರೊಬ್ಬರೇ.

ಇದು ಒಬ್ಬ ವೈದ್ಯರ ಅಭಿಪ್ರಾಯ ಮಾತ್ರವಲ್ಲ. ಅಮೆರಿಕ ಕೆನಡಗಳಲ್ಲಿ 2,502 ಮಂದಿಯ ಮೇಲೆ ಎರಡು ಚಿಕಿತ್ಸೆಗಳನ್ನೂ ತೂಗಿ ನೋಡಿದ ಪರೀಕ್ಷೆಯೊಂದರ ಫಲ 2010ರಲ್ಲಿ ಪ್ರಕಟವಾಯಿತು. ಒಟ್ಟಿನಲ್ಲಿ ಎರಡೂ ಸಮವೆಂದೇ ತೋರಿತು. ಸ್ಟೆಂಟಿನಲ್ಲಿ ಲಕ್ವ ತುಸು ಹೆಚ್ಚು, ಶಸ್ತ್ರಕ್ರಿಯೆಯಲ್ಲಿ ಹೃದಯಾಘಾತ ತುಸು ಹೆಚ್ಚು. ವಯಸ್ಸನ್ನು ವಿಂಗಡಿಸಿ ನೋಡಿದಾಗ ತಕ್ಕಡಿ ವಾಲಿತು. ಸುಮಾರು ಎಪ್ಪತ್ತರ ಈಚೆಯವರಿಗೆ ಸ್ಟೆಂಟು, ಆಚೆಯವರಿಗೆ ಶಸ್ತ್ರಕ್ರಿಯೆ ಒಳ್ಳೆಯದೆಂದು ಕಂಡಿತು. ಮುದುಕರಿಗೇ ಕತ್ತಿ ಮೇಲೆಂದರೆ ಲೋಕಕ್ಕೆ ವಿಪರೀತವೆನಿಸಬಹುದು. ಡೊಂಕಾದ ಕಮಾನು, ಸುತ್ತಿಕೊಂಡ ನಾಳ, ಸುಣ್ಣಗಟ್ಟಿದ ಗೋಡೆ ಇವು ವಯಸ್ಸಿನ ಜೊತೆಗಾರರೆಂಬುದನ್ನು ನೆನೆದರೆ ವಿಪರೀತವೇನೂ ಇಲ್ಲ. ಸುತ್ತಲೂ ಬಳೆಯಂತೆ ಸುಣ್ಣಗಟ್ಟಿದ ಕಡೆ ಸ್ಟೆಂಟು ಚೆನ್ನಾಗಿ ಅರಳುವುದೂ ಇಲ್ಲ.

ಶಸ್ತ್ರಕ್ರಿಯೆಗೂ ತನ್ನದೇ ಆದ ನಿಬಂಧನೆಗಳುಂಟು. ಕವಲು ತೀರ ಮೇಲೆ, ಕತ್ತಿನ ಎರಡನೆಯ ಮಣಿಯ ಮಟ್ಟಕ್ಕಿದ್ದರೆ ದವಡೆಯ ಮೂಳೆ ಅಡ್ಡಬರುತ್ತದೆ. ಕತ್ತು ಗಿಡ್ಡವಾಗಿ ದಪ್ಪವಾಗಿದ್ದರೆ, ಹಿಂದಕ್ಕೆ ಬಾಗದಿದ್ದರೆ, ಮೊದಲೇ ಕುಯ್ದ ಕಲೆಯಿದ್ದರೆ, ಎದುರುಮಗ್ಗುಲ ದನಿಯ ನರ ಸೋತಿದ್ದರೆ ಕತ್ತಿ ಹಿಂಜರಿಯಬೇಕು. ಮಾವನವರದು ನೀಳವಾದ ಒಣಕಲು ಕೊರಳು. ಕವಲು ನಾಲ್ಕನೆಯ ಮಣಿಯ ಬಳಿ, ಕೈಗೆಟಕುವಂತೆ. ಒಂದು ದಾರಿಗೆ ಒಲ್ಲೆನೆಂದ ಅದೇ ದೇಹ ಇನ್ನೊಂದಕ್ಕೆ ಬಾಗಿಲು ತೆರೆದಿತ್ತು.

ನೀರುಗಂಟಿ ತೂಬನ್ನು ಮುಚ್ಚಿ ಕಾಲುವೆಯ ಹೂಳೆತ್ತುವಂತೆ, ಧಮನಿಯನ್ನು ಮೇಲೂ ಕೆಳಗೂ ಬಿಗಿಹಿಡಿದು, ಸೀಳಿ, ಕಿಟ್ಟವನ್ನು ಸುಲಿದು ತೆಗೆದು ಹೊಲಿಯುವುದೇ ಆ ಕ್ರಿಯೆ. 1953ರಲ್ಲಿ ಹ್ಯೂಸ್ಟನ್ನಿನಲ್ಲಿ ಡಿಬೇಕಿಯವರು ಇದನ್ನು ಮಾಡಿದರು. 1954ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಇಂತಹುದೇ ಒಂದು ಶಸ್ತ್ರಕ್ರಿಯೆಯ ವರದಿ ಲೋಕದ ಗಮನವನ್ನು ಸೆಳೆಯಿತು. ಸೂಚನೆ ಕಂಡಿದ್ದು, ದಾರಿ ಎಪ್ಪತ್ತಕ್ಕೂ ಮೇಲ್ಪಟ್ಟು ಮುಚ್ಚಿದವರಲ್ಲಿ ಎರಡು ವರ್ಷಗಳೊಳಗೆ ಆ ಪಕ್ಕದ ಲಕ್ವಕ್ಕೆ ಈಡಾಗುವವರು ಬರಿಯ ಔಷಧದಿಂದ ನೂರಕ್ಕೆ 26, ಶಸ್ತ್ರಕ್ರಿಯೆಯಿಂದ 9 ಎಂದು 1991ರ ಪರೀಕ್ಷೆ ತೋರಿಸಿತು. ಕ್ರಿಯೆಯೇ ಲಕ್ವವನ್ನೋ ಸಾವನ್ನೋ ತರುವ ಭಯವೂ ಇದೆ. ಅದು ನೂರಕ್ಕೆ ಆರನ್ನು ಮೀರಬಾರದೆಂದು ಕಟ್ಟಳೆ. ತಮ್ಮ ಕೈಯ ಲೆಕ್ಕವೇನೆಂದು ವೈದ್ಯರನ್ನು ಕೇಳುವುದು ಅವಿನಯವಲ್ಲ. ಅತ್ತೆ ಕೇಳಿದರು, ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಪ್ರಸಂಗವಶಾತ್ ಒಂದು ಮಾತು. ಸುಶ್ರುತನು ಮರ್ಮಗಳನ್ನು ಎಣಿಸುವಾಗ ಗಂಟಲಿನ ಇಕ್ಕೆಲದ ಧಮನಿಗಳಿಗೆ ನೀಲಾ, ಮನ್ಯಾ ಎಂದು ಹೆಸರಿಟ್ಟು, ಅಲ್ಲಿ ಪೆಟ್ಟಾದರೆ ಮೂಕತೆ, ದನಿಯ ವಿಕಾರ, ರುಚಿಯ ನಾಶ ಉಂಟಾಗುವುವೆಂದಿದ್ದಾನೆ. ಇಂದಿನ ಶಸ್ತ್ರವೈದ್ಯನು ಅದೇ ಕಣಿವೆಯಲ್ಲಿ ದನಿಯ ನರವನ್ನೂ ನಾಲಗೆಯ ನರವನ್ನೂ ಹುಡುಕಿ ಕಾಪಾಡಿಕೊಂಡು ಮುಂದುವರಿಯುತ್ತಾನೆ. ಪ್ರಾಚೀನರಿಗೆ ಎಲ್ಲವೂ ಗೊತ್ತಿತ್ತೆಂದು ನಾನು ಹೇಳುವವನಲ್ಲ. ಅವರು ಗಾಯಾಳುಗಳನ್ನು ಕಣ್ಣಿಟ್ಟು ನೋಡಿದ್ದರು, ಅಷ್ಟೇ.

ಮಾವನವರ ಕಥೆಯನ್ನು ಕೇಳಿದವರೆಲ್ಲ ಶಸ್ತ್ರಕ್ರಿಯೆಯೇ ಶ್ರೇಷ್ಠವೆಂದುಕೊಂಡರೆ ಅದೂ ತಪ್ಪು. ನಾಗಮಂಗಲದಲ್ಲಿರುವ ನನ್ನ ತಂಗಿಯ ಮಾವನವರಿಗೆ ಹಿಂದೆ ಗಂಟಲಿನ ಅರ್ಬುದಕ್ಕೆ ಕಿರಣಚಿಕಿತ್ಸೆಯಾಗಿತ್ತು. ಕತ್ತಿನ ಚರ್ಮ ಮರದ ತೊಗಟೆಯಂತೆ ಬಿಗಿದುಹೋಗಿ, ಅಲ್ಲಿ ಕತ್ತಿಯಿಟ್ಟರೆ ಗಾಯ ಮಾಯುವುದೇ ಸಂದೇಹವಾಗಿತ್ತು. ಅವರ ಕಮಾನು ಸಲೀಸಾದುದು. ಅವರಿಗೆ ತೊಡೆಯಿಂದಲೇ ಸ್ಟೆಂಟು ಹಾಕಿ, ಚೂರುಗಳನ್ನು ಹಿಡಿಯಲು ಆಚೆ ಸಣ್ಣ ಬಲೆಯನ್ನು ಬಿಡಿಸಿಟ್ಟು ಕೆಲಸ ಮುಗಿಸಿದರು. ಈ ಎರಡರ ನಡುವೆ ಮೂರನೆಯ ದಾರಿಯೊಂದೂ ಹುಟ್ಟಿದೆ. ಅದರ ಸಲಕರಣೆಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಕೊರಳೆಲುಬಿನ ಮೇಲೆ ಸಣ್ಣದಾಗಿ ಕುಯ್ದು, ಧಮನಿಯೊಳಕ್ಕೆ ನೇರವಾಗಿ ಹೋಗಿ, ಕೆಲಸ ನಡೆಯುವಷ್ಟು ಹೊತ್ತೂ ನೆತ್ತರನ್ನು ಹಿಮ್ಮುಖವಾಗಿ ಹರಿಯಿಸಿ ಸೋಸಿ ತೊಡೆಯ ಸಿರೆಗೆ ಬಿಡುತ್ತಾರೆ. ಕಮಾನಿನ ಗೊಡವೆಯೇ ಇಲ್ಲ. ಅದಕ್ಕೂ ಅಳತೆಗಳುಂಟು: ಕೊರಳೆಲುಬಿನಿಂದ ಕವಲಿಗೆ 5 ಸೆಂಟಿಮೀಟರಾದರೂ ದೂರವಿರಬೇಕು, ಧಮನಿ 6 ಮಿಲಿಮೀಟರಾದರೂ ಅಗಲವಿರಬೇಕು, ಚುಚ್ಚುವೆಡೆಯಲ್ಲಿ ಕಿಟ್ಟವಿರಬಾರದು.

ಯಾವ ದಾರಿಯೂ ಬೇಡವಾದವರೂ ಇದ್ದಾರೆ. ನನ್ನ ಮನಸ್ಸನ್ನು ಹೆಚ್ಚು ಕಲಕಿದುದು ಪಾಂಡವಪುರದ ಕಡೆಯ ಕಬ್ಬು ಬೆಳೆಯುವ ಸ್ನೇಹಿತರೊಬ್ಬರ ಸಂಗತಿ. ಅವರ ಬಲಗಡೆಯ ಒಳಗವಲು ಪೂರ್ತಿ ಮುಚ್ಚಿಹೋಗಿತ್ತು. ವೈದ್ಯರು ಏನನ್ನೂ ಮಾಡಲೊಪ್ಪದೆ ಗುಳಿಗೆ ಬರೆದುಕೊಟ್ಟು ಕಳುಹಿಸಿದರು. ಊರೆಲ್ಲ "ಕೈಬಿಟ್ಟರು" ಎಂದಿತು. ಹೆಂಡತಿ ಮಕ್ಕಳು ತಿಂಗಳುಗಟ್ಟಲೆ ಕೊರಗಿದರು. ಸಂಪೂರ್ಣವಾಗಿ ಮುಚ್ಚಿದ ನಾಳದಲ್ಲಿ ಚೂರನ್ನು ಹೊತ್ತೊಯ್ಯುವ ಪ್ರವಾಹವೇ ಇಲ್ಲ. ಬಲವಂತವಾಗಿ ತೆರೆಯುವುದರಲ್ಲಿಯೇ ಅಪಾಯ ಹೆಚ್ಚು. ಮಿದುಳಿನ ಬುಡದಲ್ಲಿ ನಾಳಗಳ ಬಳೆಯೊಂದಿದೆ. 1664ರಲ್ಲಿ ವಿಲಿಸ್ ಎಂಬ ಇಂಗ್ಲಿಷ್ ವೈದ್ಯನು ಅದನ್ನು ವರ್ಣಿಸಿದನು. ಬಂಗಾರದೊಡ್ಡಿ ನಾಲೆ ಹೊಳೆಯ ಮೇಲೆಯೇ ಹಾದು ದ್ವೀಪಕ್ಕೆ ನೀರು ತರುವಂತೆ, ಆ ಬಳೆಯ ಮೂಲಕ ಎಡಗಡೆಯ ನೆತ್ತರು ಬಲಕ್ಕೆ ದಾಟಿ ಅವರನ್ನು ಉಳಿಸಿತ್ತು.

ಅವರ ಕಾಗದದಲ್ಲಿ ಇಂಗ್ಲಿಷಿನಲ್ಲಿದ್ದ ಮಾತನ್ನು ಯಾರೋ 'ಅನರ್ಹ' ಎಂದು ಕನ್ನಡಿಸಿ ಹೇಳಿದ್ದರು. ಅರ್ಧ ದುಃಖಕ್ಕೆ ಆ ಮಾತೇ ಕಾರಣ. ಪರೀಕ್ಷೆಯಲ್ಲಿ ತೇರ್ಗಡೆಯಾಗದವನಂತೆ ಮನುಷ್ಯನನ್ನು ಹೊರಗೆ ನಿಲ್ಲಿಸುವ ಮಾತು ಅದು. ನಮ್ಮ ರೈತರಲ್ಲಿ ಇದಕ್ಕೆ ಎಷ್ಟು ಚೆನ್ನಾದ ಶಬ್ದವಿದೆ! ಈ ಮಣ್ಣು ಈ ಬೆಳೆಗೆ ಒಗ್ಗದು, ಆ ಊರಿನ ನೀರು ನನಗೆ ಒಗ್ಗದು ಎನ್ನುತ್ತೇವೆ. ಮಣ್ಣನ್ನೂ ಹಳಿಯುವುದಿಲ್ಲ, ಬೆಳೆಯನ್ನೂ ಹಳಿಯುವುದಿಲ್ಲ. ಈ ದಾರಿ ನಿಮ್ಮ ನಾಳಕ್ಕೆ ಒಗ್ಗದು ಎಂದಿದ್ದರೆ ಆ ಮನೆಯವರು ಅಷ್ಟು ಅಳುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ನಾನು ಅವರಿಗೆ ಹಾಗೆಂದೇ ವಿವರಿಸಿದೆ. ಈಗ ಅವರು ಬೀಡಿಯನ್ನು ಬಿಟ್ಟಿದ್ದಾರೆ, ಗುಳಿಗೆಗಳನ್ನು ತಪ್ಪಿಸುವುದಿಲ್ಲ. ಎಡಗಡೆಯ ಧಮನಿಯನ್ನು ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಾರೆ.

ಮಾವನವರ ಶಸ್ತ್ರಕ್ರಿಯೆ ಹನ್ನೊಂದನೆಯ ದಿನ ನಡೆಯಿತು. ಬಲಗೈ ಮುದ್ದೆಗೂ ಹಾಲು ಕರೆಯುವುದಕ್ಕೂ ಮೊದಲಿನಂತೆಯೇ ಒದಗುತ್ತಿದೆ. ಚರ್ಮದ ಸಣ್ಣ ನರವೊಂದು ನೊಂದುದರಿಂದ ಎಡಗಿವಿಯ ಹಾಲೆ ಜೋಮು ಹಿಡಿದಂತಿದೆ. ಇಂತಹುದು ಆಗಬಹುದೆಂದು ಮೊದಲೇ ಹೇಳಿದ್ದರು. ಕ್ಷೌರಕ್ಕೆ ಕುಳಿತಾಗಲೆಲ್ಲ ಅವರು, "ಎಡಗಡೆ ನೋಡಿಕೊಂಡು ಆಡಿಸಪ್ಪ, ಕುಯ್ದರೂ ನನಗೆ ತಿಳಿಯುವುದಿಲ್ಲ" ಎಂದು ಎಚ್ಚರಿಸುತ್ತಾರೆ.