ಅಮಲೋ, ಸಕ್ಕರೆಯೋ?

ಬೆಳಗಿನ ಏಳೂವರೆ. ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ನಿಂತಿದ್ದೀರಿ. ಆಟೋದಿಂದ ನಲವತ್ತರ ಆಸುಪಾಸಿನವನೊಬ್ಬನನ್ನು ಕಂಕುಳಿಗೆ ಕೈಕೊಟ್ಟು ಇಳಿಸುತ್ತಾರೆ. ಅವನಿಗಿಂತ ಮೊದಲು ವಾಸನೆ ಒಳಗೆ ಬರುತ್ತದೆ. ಬೆಂಚಿನ ಮೇಲಿದ್ದವರು ಸೆರಗು ಮೂಗಿಗೆ ಹಿಡಿಯುತ್ತಾರೆ.

“ಹಬ್ಬದ ಎಣ್ಣೆ ಮೇಡಮ್, ಇನ್ನೂ ಇಳಿದಿಲ್ಲ. ಒಂದು ನಿದ್ದೆ ತೆಗುದ್ರೆ ಸರಿಹೋಯ್ತರೆ,” ಎನ್ನುತ್ತಾನೆ ಬಾಮೈದ.

ಹೆಂಡತಿ ನಗುವುದಿಲ್ಲ. “ನೆನ್ನೆ ಮಧ್ಯಾಹ್ನದಿಂದ ಒಂದು ತುತ್ತು ಉಂಡಿಲ್ಲ ಕಣವ್ವ. ಬರೀ ಕುಡಿಯೋದೇ. ಈಗ ನನ್ನೇ ಯಾರು ಅಂತವ್ರೆ.”

ವೈದ್ಯೆ ಅವನ ಅಂಗೈ ಹಿಡಿಯುತ್ತಾರೆ. ನೀವೂ ಮುಟ್ಟಿ: ತಣ್ಣಗೆ, ಒದ್ದೆ. ಚಳಿಯಲ್ಲೂ ಅಂಗಿ ಬೆನ್ನಿಗಂಟಿದೆ. ಬೆರಳು ನಡುಗುತ್ತಿವೆ, ನಾಡಿ ಓಡುತ್ತಿದೆ. ರಕ್ತದ ಸಕ್ಕರೆ ಇಳಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಬೆವರು, ನಡುಕ, ಎದೆಬಡಿತ, ಹಸಿವು ಈ ಹಂತದ ಗುರುತು. ಇನ್ನೂ ಇಳಿದರೆ ಮಿದುಳು ಸೊರಗುತ್ತದೆ: ತೊದಲು, ಗಲಿಬಿಲಿ, ಮಬ್ಬುಗಣ್ಣು, ಸಿಡುಕು, ಕೊನೆಗೆ ಫಿಟ್ಸ್. ತೊದಲು ಗಲಿಬಿಲಿಗಳನ್ನಷ್ಟೇ ಕಂಡವರು ಅಮಲೆಂದೇ ಅಂದುಕೊಳ್ಳುತ್ತಾರೆ.

“ಇವ್ರಿಗೆ ಶುಗರ್ ಕಾಯಿಲೆ ಇಲ್ಲ ಮೇಡಮ್.”

“ಇಲ್ಲದಿದ್ರೂ ನೋಡ್ಬೇಕು.”

ಸಿಸ್ಟರ್ ಬೆರಳಿಗೆ ಸೂಜಿ ಚುಚ್ಚುತ್ತಾರೆ. ಗ್ಲುಕೋಮೀಟರ್ ತೋರಿಸಿದ್ದು 34. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ 55 ಮಿಲಿಗ್ರಾಂಗಿಂತ ಇಳಿದರೆ ಜಾಗ್ರತೆ. ಇಷ್ಟು ತಗ್ಗಿನಲ್ಲಿ ಈ ಪುಟ್ಟ ಯಂತ್ರವನ್ನು ಪೂರ್ತಿ ನಂಬುವಂತಿಲ್ಲ; ಲ್ಯಾಬಿಗೆಂದು ಒಂದು ಟ್ಯೂಬ್ ರಕ್ತ ತೆಗೆದು, ತಡಮಾಡದೆ ಬಿ1 ವಿಟಮಿನ್ ಇಂಜೆಕ್ಷನ್, ಹಿಂದೆಯೇ ನರಕ್ಕೆ ಗ್ಲೂಕೋಸ್, ಅಂದರೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್.

ಪಕ್ಕದ ಮಂಚದಲ್ಲಿ ಏಕಾದಶಿ ಉಪವಾಸದ ಹುಡುಗಿ. ದೇವಸ್ಥಾನದ ಸಾಲಿನಲ್ಲಿ ಕಣ್ಣುಕತ್ತಲೆ ಬಂದು ಕುಸಿದವಳು. “ಶುಗರ್ ಲೋ ಆಗಿರ್ಬೇಕು,” ಎನ್ನುತ್ತಾರೆ ತಾಯಿ. ಮೀಟರ್ 88 ಎನ್ನುತ್ತದೆ. ಎಬ್ಬಿಸಿ ನಿಲ್ಲಿಸಿದರೆ ಬಿಪಿ ಇಳಿಯುತ್ತದೆ, ನೀರೂ ಕುಡಿದಿರಲಿಲ್ಲವಂತೆ. ಆರೋಗ್ಯವಂತರ ಯಕೃತ್ತು ಒಂದು ದಿನದ ಉಪವಾಸಕ್ಕೆ ಸಕ್ಕರೆ ಬೀಳಗೊಡುವುದಿಲ್ಲ. ಸುಸ್ತೆಲ್ಲ ಸಕ್ಕರೆಯದಲ್ಲ.

ಈ ಕಡೆ ಡೆಕ್ಸ್‌ಟ್ರೋಸ್ ಇಳಿದು ಕೆಲವು ನಿಮಿಷ. ಅವನು ಕಣ್ಣರಳಿಸಿ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾನೆ. “ಯಾಕ್ ಅಳ್ತಿದ್ದೀಯ? ಎಲ್ಲಿದ್ದೀವಿ?” ವಾಸನೆ ಹಾಗೇ ಇದೆ, ತೊದಲು ಹೋಗಿದೆ.

ಲಕ್ಷಣ, ಅದೇ ಹೊತ್ತಿನಲ್ಲಿ ಅಳೆದ ತಗ್ಗಿದ ಅಂಕಿ, ಸಕ್ಕರೆ ಏರಿದೊಡನೆ ಚೇತರಿಕೆ: ಮೂರೂ ನಿಮ್ಮ ಕಣ್ಣೆದುರೇ ಕೂಡಿಬಂದವು. 1930ರ ದಶಕದಲ್ಲಿ ಅಮೆರಿಕದ ಸರ್ಜನ್ ಅಲೆನ್ ವಿಪ್ಪಲ್ ಪುರಾವೆಯಾಗಿ ಕೇಳಿದ್ದು ಈ ಮೂರನ್ನೇ. ಹುಡುಗಿಯಲ್ಲಿ ಮೊದಲನೆಯದು ಮಾತ್ರವಿತ್ತು.

ವೈದ್ಯೆ ಬಾಮೈದನನ್ನು ಹತ್ತಿರ ಕರೆಯುತ್ತಾರೆ. “ಯಕೃತ್ತು ಸಕ್ಕರೆಯ ಕಣಜ. ಉಣ್ಣದೇ ಇದ್ರೆ ಅದು ಬರಿದಾಗುತ್ತೆ. ಆಮೇಲೆ ಹೊಸದಾಗಿ ಮಾಡ್ಕೋಬೇಕು. ಮದ್ಯ ಅದನ್ನೇ ತಡೆಯುತ್ತೆ. ಅದಕ್ಕೇ ಈಗ್ಲೇ ಕಳ್ಸಲ್ಲ, ಮತ್ತೆ ಇಳೀಬಹುದು.”

ಕೇಸ್ ಶೀಟಿನಲ್ಲಿ ಬರೆಯುತ್ತಾರೆ: ಸೋಂಕು, ಯಕೃತ್ತು, ಕಿಡ್ನಿ ಪರೀಕ್ಷೆ, ಮನೆಯಲ್ಲಿ ಬೇರೆಯವರ ಶುಗರ್ ಮಾತ್ರೆ ಇದೆಯೇ ವಿಚಾರಿಸುವುದು. ಕುಡಿಯದಿದ್ದಾಗಲೂ ಹೀಗೆ ಮರುಕಳಿಸಿದರೆ ಇನ್ಸುಲಿನ್, ಕಾರ್ಟಿಸಾಲ್ ಮಟ್ಟ ನೋಡುವುದು. ಮೇದೋಜೀರಕದಲ್ಲಿ ಇನ್ಸುಲಿನ್ ಸುರಿಸುವ ಅಪರೂಪದ ಗಡ್ಡೆಯೂ ಇರಬಹುದು.

“ಮನೇಲಿ ಹಿಂಗಾದ್ರೆ ಏನ್ ಮಾಡ್ಲಿ ಮೇಡಮ್?”

“ಎಚ್ಚರ ಇದ್ದು ನುಂಗೋ ಹಾಗಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡ್ಸಿ, ಹೊರಡಿ. ಎಚ್ಚರ ಇಲ್ಲ ಅಂದ್ರೆ ಬಾಯಿಗೆ ಒಂದು ಹನಿ ನೀರೂ ಬೇಡ, ಉಸಿರ್ನಾಳಕ್ಕೆ ಹೋಗುತ್ತೆ. ಮಗ್ಗುಲಿಗೆ ಮಲಗ್ಸಿ 108ಕ್ಕೆ ಫೋನ್ ಮಾಡಿ. ನಿದ್ದೆ ಮಾಡ್ಲಿ ಅಂತ ಮಾತ್ರ ಬಿಡ್ಬೇಡಿ.”