ಬರ್ಮಾ ಬಜಾರಿನ ಶೇವರ್

ಅಣ್ಣಾ ನಗರ್ ಟವರ್ ಪಾರ್ಕಿನಿಂದ ಎರಡು ಬೀದಿ ಆಚೆಗಿನ ಫ್ಲ್ಯಾಟೊಂದರಲ್ಲಿ, ಎಂಬತ್ತು ದಾಟಿದ ದಾವಣಗೆರೆಯ ಹಿರಿಯರೊಬ್ಬರು ಬಚ್ಚಲಿನ ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿಕೊಳ್ಳುವುದನ್ನು ಬಿಟ್ಟು ಒಂದೂವರೆ ವರ್ಷವಾಯಿತು. ಚಿಲಕ ಹಾಕಬಾರದೆಂದು ಮಗಳು ಹೇಳಿದ್ದು ಒಂದು ಸೋಮವಾರ. ಅವತ್ತು ಗಲ್ಲದ ಕೆಳಗೆ ಬ್ಲೇಡು ತಾಗಿತ್ತು. ಗಾಯ ಅಕ್ಕಿಕಾಳಿನಷ್ಟಿತ್ತು. ಆದರೆ ಅವರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು. ಟವೆಲ್ ಒತ್ತಿ ಹಿಡಿದರೂ ಅರ್ಧ ಗಂಟೆ ರಕ್ತ ನಿಲ್ಲಲಿಲ್ಲ. ಬಲಗೈಗೆ ಪಾರ್ಕಿನ್ಸನ್ ನಡುಕ ಬಂದು ಆಗಲೇ ವರ್ಷವಾಗಿತ್ತು.

ಮನೆಗೇ ಬಂದು ಗಡ್ಡ ಮಾಡಿಹೋಗುವವನನ್ನು ಗೊತ್ತುಮಾಡುತ್ತೇನೆ ಎಂದಳು ಮಗಳು. ಅವರು ಒಪ್ಪಲಿಲ್ಲ. ಹದಿನೆಂಟನೆಯ ವಯಸ್ಸಿನಿಂದ ತಮ್ಮ ಮುಖಕ್ಕೆ ಇನ್ನೊಬ್ಬರ ಕೈ ಬಂದದ್ದು ಒಂದೇ ಸಲ, ಅಪ್ಪನ ಕರ್ಮಕ್ಕೆ ಕೂತಾಗ. "ಇನ್ನೊಬ್ಬರ ಕೈಲಿ ದಾಡಿ ಮಾಡಿಸಿಕೊಂಡು ಕೂರೋದು ಸತ್ತಮೇಲೆ ಇದ್ದೇ ಇದೆ" ಎಂದುಬಿಟ್ಟರು. ಮಗಳು ಮತ್ತೆ ಆ ಮಾತು ಎತ್ತಲಿಲ್ಲ. ಹತ್ತು ದಿನ ಗಡ್ಡ ಬೆಳೆಯಿತು. ಹನ್ನೊಂದನೆಯ ದಿನ ಅವಳು ಅಟ್ಟದ ಮೇಲಿನ ಟ್ರಂಕಿನಿಂದ ಅಮ್ಮನ ರೇಷ್ಮೆ ಸೀರೆಗಳ ಕೆಳಗಿದ್ದ ಒಂದು ಪೆಟ್ಟಿಗೆ ತೆಗೆದಳು. ಒಳಗೆ ಮೂರು ದುಂಡು ತಲೆಯ ಫಿಲಿಶೇವ್ ಇತ್ತು.

ಈ ಮನೆಗೆ ಫಿಲಿಶೇವ್ ಬಂದದ್ದು ಎಪ್ಪತ್ತರ ದಶಕದಲ್ಲಿ. ಯಂತ್ರದ ಕಥೆ ಮಾತ್ರ ಅದಕ್ಕಿಂತ ತುಂಬ ಹಳೆಯದು, ಮತ್ತು ಅದೂ ಮೈಕೈ ನೆಟ್ಟಗಿಲ್ಲದ ಒಬ್ಬ ಮನುಷ್ಯನಿಂದಲೇ ಶುರುವಾಗುತ್ತದೆ. ಜೇಕಬ್ ಶಿಕ್ ಅಮೆರಿಕದ ಅಯೋವಾದವನು, ಹುಟ್ಟಿದ್ದು 1877ರಲ್ಲಿ. ಸೈನ್ಯ ಸೇರಿ ಫಿಲಿಪೀನ್ಸಿಗೆ ಹೋಗಿ ಆಮಶಂಕೆ ಹತ್ತಿಸಿಕೊಂಡ. ತಂಪು ಪ್ರದೇಶ ಒಳ್ಳೆಯದೆಂದು ಅಲಾಸ್ಕಕ್ಕೆ ಹೋಗಿ ಸೈನ್ಯದ ತಂತಿ ಮಾರ್ಗ ಎಳೆಯುವ ಕೆಲಸ ಮಾಡಿದ. 1910ರಲ್ಲಿ ಸೈನ್ಯ ಬಿಟ್ಟ ಮೇಲೆ ಚಿನ್ನದ ಗಣಿ ಹುಡುಕುತ್ತ ಬ್ರಿಟಿಷ್ ಕೊಲಂಬಿಯಾದ ಕಾಡು ಹೊಕ್ಕವನಿಗೆ ಕಾಲಿನ ಹರಡು ಉಳುಕಿತು. ತಿಂಗಳುಗಟ್ಟಲೆ ಗುಡಿಸಲಿನಲ್ಲಿ ಒಬ್ಬನೇ ಬಿದ್ದುಕೊಂಡ. ಆ ಚಳಿಯಲ್ಲಿ ಗಡ್ಡಕ್ಕೆಂದು ನೀರು ಕಾಯಿಸುವುದೇ ಒಂದು ಶಿಕ್ಷೆಯಾಗಿತ್ತು. ನೀರು, ಸೋಪು, ನೊರೆ ಯಾವುದೂ ಬೇಡದ ಕ್ಷೌರದ ಯಂತ್ರವೊಂದನ್ನು ಅಲ್ಲೇ ಕಾಗದದ ಮೇಲೆ ಬರೆದ. ಕಂಪನಿಗಳಿಗೆ ಕಳಿಸಿದ. ಯಾರೂ ತೆಗೆದುಕೊಳ್ಳಲಿಲ್ಲ.

ಬ್ಲೇಡಿನ ಮಟ್ಟಿಗೆ ತೊಡಕೇನಿರಲಿಲ್ಲ. ತೆಳ್ಳನೆಯ ಎರಡು ಲೋಹದ ಹಲ್ಲೆಗಳು, ಹೊರಗಿನದಕ್ಕೆ ಸೀಳುಗಳು, ಅದು ಅಲುಗುವುದಿಲ್ಲ, ಒಳಗಿನದು ಆಡುತ್ತಿರುತ್ತದೆ. ಸೀಳಿನೊಳಗೆ ನುಸುಳಿದ ಕೂದಲು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. ಕಷ್ಟವಿದ್ದದ್ದು ಮೋಟಾರಿನಲ್ಲಿ. ಶಿಕ್‌ನ ಮೊದಮೊದಲ ಯಂತ್ರದಲ್ಲಿ ಮೋಟಾರು ಎಷ್ಟು ದೊಡ್ಡದಿತ್ತೆಂದರೆ ಅದು ಹಿಡಿಯ ಹೊರಗಿತ್ತು. ಬಳುಕುವ ಒಂದು ಕೊಳವೆಯ ಮೂಲಕ ತಲೆಗೆ ಶಕ್ತಿ ಹೋಗುತ್ತಿತ್ತು. ಒಂದು ಕೈಯಲ್ಲಿ ಮೋಟಾರು, ಇನ್ನೊಂದರಲ್ಲಿ ತಲೆ. ಅಂಗೈಯೊಳಗೆ ಹಿಡಿಸುವ, ಆದರೂ ಒರಟು ಗಡ್ಡಕ್ಕೆ ಸೋಲದ ಮೋಟಾರು ಸಿಗುವವರೆಗೆ ಅವನು ಬೇರೆ ದಾರಿ ಹಿಡಿದ. ಬಂದೂಕಿಗೆ ಗುಂಡು ತುಂಬುವ ಹಾಗೆ ಹಿಡಿಯೊಳಗೇ ಬ್ಲೇಡುಗಳನ್ನು ತುಂಬಿಡುವ ರೇಜರೊಂದನ್ನು ಮಾಡಿ ಮಾರಿದ. ಆ ವ್ಯವಹಾರದ ದುಡ್ಡನ್ನೆಲ್ಲ ವಿದ್ಯುತ್ ಯಂತ್ರಕ್ಕೆ ಸುರಿದ. ಅದೂ ಸಾಲದೆ ಹೆಂಡತಿ ಮನೆಯನ್ನು ಅಡವಿಟ್ಟಳು. 1930ರಲ್ಲಿ ಪೇಟೆಂಟ್ ಸಿಕ್ಕಿತು. 1931ರಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟ ಶುರುವಾಯಿತು, ಬೆಲೆ 25 ಡಾಲರ್. ಆಗಿನ ದರದಲ್ಲಿ ಸುಮಾರು 70 ರೂಪಾಯಿ. ಅಮೆರಿಕದಲ್ಲಿ ಅದು ಮಹಾ ಆರ್ಥಿಕ ಕುಸಿತದ ಕಾಲ. ಆದರೂ ಮೊದಲ ವರ್ಷ ಸುಮಾರು 3,000 ಯಂತ್ರಗಳು ಹೋದವು. 1937ರಲ್ಲಿ ಶಿಕ್ ತೀರಿಕೊಳ್ಳುವ ಹೊತ್ತಿಗೆ ಲೆಕ್ಕ 18 ಲಕ್ಷ ದಾಟಿತ್ತು.

ಅದೇ 1937ರಲ್ಲಿ ರೆಮಿಂಗ್ಟನ್ ಕಣಕ್ಕಿಳಿಯಿತು. 1939ರಲ್ಲಿ ಹಾಲೆಂಡಿನ ಫಿಲಿಪ್ಸ್. ಬಲ್ಬು, ರೇಡಿಯೊ ಮಾಡುತ್ತಿದ್ದ ಆ ಕಂಪನಿಯ ಇಂಜಿನಿಯರ್ ಅಲೆಕ್ಸಾಂಡ್ರ್ ಹೊರೊವಿಟ್ಜ್, ಒಳಗಿನ ಬ್ಲೇಡನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ಬದಲು ಫ್ಯಾನಿನಂತೆ ಸುತ್ತಿಸಿದ. ಸುತ್ತುವುದು ಮೋಟಾರಿನ ಸಹಜ ಚಲನೆಯಾದ್ದರಿಂದ ನಡುವೆ ಬೇರೆ ಕಸರತ್ತು ಬೇಕಾಗಲಿಲ್ಲ. ಮೊದಲ ಫಿಲಿಶೇವ್‌ಗೆ ಒಂದೇ ತಲೆ. 1951ರಲ್ಲಿ ಎರಡಾಯಿತು, 1966ರಲ್ಲಿ ಮೂರಾಯಿತು.

ಇಷ್ಟು ಹೊತ್ತಿಗೆ ನಮ್ಮಲ್ಲಿ ಏನಿತ್ತು? ಮೈಸೂರು ಸಂಸ್ಥಾನದಲ್ಲಿ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತ್ತು. ಆದರೆ 1947ರಲ್ಲಿ ಇಡೀ ದೇಶದಲ್ಲಿ ವಿದ್ಯುತ್ ಇದ್ದ ಹಳ್ಳಿಗಳು ಸುಮಾರು 1,500 ಮಾತ್ರ. ದೀಪವೇ ಇಲ್ಲದಲ್ಲಿ ಗಡ್ಡಕ್ಕೆಲ್ಲಿಯ ಕರೆಂಟು? ಪೇಟೆಯಲ್ಲಾದರೆ ಮೂಲೆ ಮೂಲೆಗೆ ಕ್ಷೌರದಂಗಡಿ, ಮನೆಯಲ್ಲಿ ಪೈಸೆ ಲೆಕ್ಕದ ಬ್ಲೇಡು. ಹಾಗಾಗಿ ವಿದ್ಯುತ್ ಶೇವರ್ ಇಲ್ಲಿ ಬಹುಕಾಲ ವಿದೇಶದಿಂದ ಬಂದವರ ಸೂಟ್‌ಕೇಸಿನ ಸಾಮಾನಾಗಿಯೇ ಉಳಿಯಿತು. ಮದ್ರಾಸಿನಲ್ಲಿ ಅದಕ್ಕೆ ಇನ್ನೊಂದು ವಿಳಾಸವಿತ್ತು. ಬರ್ಮಾದಿಂದ ಎಲ್ಲ ಬಿಟ್ಟು ಬಂದ ತಮಿಳರಿಗಾಗಿ 1969ರಲ್ಲಿ ಬೀಚ್ ರಸ್ತೆಯ ಬದಿಯಲ್ಲಿ ಬರ್ಮಾ ಬಜಾರು ಶುರುವಾಯಿತು. ಟೇಪ್ ರೆಕಾರ್ಡರ್, ವಾಚು, ಸೆಂಟು, ಯಾವ ಫಾರಿನ್ ಮಾಲು ಬೇಕಿದ್ದರೂ ಜನ ಅಲ್ಲಿಗೆ ಹೋಗುತ್ತಿದ್ದರು.

ಈ ಮನೆಯ ಹೆಂಗಸೂ ಅಲ್ಲಿಗೇ ಹೋಗಿದ್ದರು. ಗಂಡ ಪೆರಂಬೂರಿನ ರೈಲ್ವೆ ಕೋಚ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದವರು. ಮದ್ರಾಸಿಗೆ ಬಂದ ಹೊಸತರಲ್ಲಿ, 1968ರ ವ್ಯಾಪಾರ ಮೇಳದಲ್ಲಿ, ಆಗಷ್ಟೇ ಎದ್ದ 135 ಅಡಿಯ ಗೋಪುರ ಹತ್ತಿ ಬಂದವರು. ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಿಟ್ಟಿದ್ದಾರೆಂದು ಊರಿಗೆಲ್ಲ ಕಾಗದ ಬರೆದಿದ್ದರು. ಮೆಷಿನ್ ಎಂದರೆ ಇವರಿಗೆ ಪ್ರಾಣ ಎಂದು ಹೆಂಡತಿ ತಿಳಿದದ್ದು ತಪ್ಪೇನಲ್ಲ. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡಿನಲ್ಲಿ, ಭಾಷೆಯೂ ಸರಿಯಾಗಿ ಬಾರದ ಊರಿನಲ್ಲಿ, ಚೌಕಾಸಿ ಮಾಡಿ ತಂದುಕೊಟ್ಟರು.

ಅವರು ನಾಲ್ಕು ದಿನ ಬಳಸಿ ಇಟ್ಟುಬಿಟ್ಟರು. "ಇದು ದಾಡಿ ಮಾಡೋದಲ್ಲ, ಕೆನ್ನೆ ಮೇಲೆ ಆಡು ಮೇಯಿಸಿದಂಗೆ" ಎಂದು ಬಂದ ನೆಂಟರೆದುರು ನಗಾಡಿದರು. ಅವರು ಹೇಳಿದ್ದರಲ್ಲಿ ಸತ್ಯವಿತ್ತು. ಚರ್ಮಕ್ಕೂ ಬ್ಲೇಡಿಗೂ ನಡುವೆ ಲೋಹದ ಹಲ್ಲೆ ಇರುವುದರಿಂದ ಅದರ ದಪ್ಪದಷ್ಟು ಕೂದಲು ಉಳಿದೇ ಉಳಿಯುತ್ತದೆ. ಅಂಗೈ ಆಡಿಸಿದರೆ ತರಿತರಿ. ಹೆಂಡತಿ ಏನೂ ಹೇಳದೆ ಅದನ್ನು ಪೆಟ್ಟಿಗೆಗೆ ಹಾಕಿಟ್ಟರು. ಸೀರೆಗಳ ಕೆಳಗೆ ಅದು ಇಷ್ಟು ವರ್ಷ ಇತ್ತೆಂಬುದು ಅವರು ಹೋಗಿ ಆರು ವರ್ಷವಾದ ಮೇಲೆ ಗೊತ್ತಾಯಿತು.

ಪೆಟ್ಟಿಗೆ ನೋಡಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ವೋಲ್ಟೇಜು ನೋಡು, 220ಕ್ಕೆ ಇದೆಯಾ" ಎಂದರು. ಇತ್ತು. ವೈರು ಬಿರುಕು ಬಿಟ್ಟಿತ್ತು. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಕತ್ತರಿಸಬೇಕು, ಎಲ್ಲಿ ಬೆಸುಗೆ ಇಡಬೇಕೆಂದು ಎಡಗೈ ಬೆರಳಿನಲ್ಲಿ ತೋರಿಸಿದರು. "ತಾತ, ಇದನ್ನ ಬಿಸಾಕಿ ಹೊಸದು ತಗೋಬಹುದಲ್ವಾ?" ಎಂದ ಹುಡುಗನಿಗೆ, "ನಿಮ್ಮಜ್ಜಿ ತಂದಿದ್ದು" ಎಂದರು, ಅಷ್ಟೇ. ಸಂಜೆಗೆ ಯಂತ್ರ ಗುಂಯ್ಯೆಂದಿತು. ಕೆನ್ನೆಗೆ ಇಟ್ಟರೆ ಕೂದಲನ್ನು ಕತ್ತರಿಸುವ ಬದಲು ಹಿಡಿದೆಳೆಯಿತು. ಅಷ್ಟು ಹಳೆಯ ತಲೆಗೆ ಹೊಂದುವ ಬ್ಲೇಡು ಎಲ್ಲೂ ಸಿಗಲಿಲ್ಲ.

ಮಗಳು ಬ್ಯಾಟರಿಯದೊಂದು ಹೊಸ ಶೇವರ್ ತಂದಳು. ಈ ಸಲ ಅವರು ಏನೂ ಅನ್ನಲಿಲ್ಲ. ಬಲಗೈಯಲ್ಲಿ ಹಿಡಿದು, ಆ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು ಕನ್ನಡಿಯೆದುರು ನಿಂತರು. ಅವರ ಕೈ ಈಗಲೂ ನಡುಗುತ್ತದೆ. ಶೇವರ್ ಕೆನ್ನೆಯ ಮೇಲೆ ಕುಣಿಯುತ್ತದೆ, ಆದರೆ ರಕ್ತ ಬರುವುದಿಲ್ಲ. ಯಾವುದನ್ನು ಅವರು ಆಡು ಮೇಯಿಸುವುದೆಂದು ನಕ್ಕಿದ್ದರೋ ಆ ನಡುವಿನ ಹಲ್ಲೆಯೇ ಈಗ ಕಾಯುತ್ತದೆ.

ಕನ್ನಡದಲ್ಲಿ ಗಡ್ಡ ಮಾಡಿಕೊಳ್ಳುವುದು ಎಂದರೆ ತೆಗೆಯುವುದು. ಅವರ ಕಡೆಯವರು ದಾಡಿ ಮಾಡಿಕೊಳ್ಳುವುದು ಎನ್ನುತ್ತಾರೆ. ಅಡುಗೆ ಮಾಡಿದಂತೆ, ಸ್ನಾನ ಮಾಡಿದಂತೆ, ಅದೂ ದಿನಾ ತಾನೇ ಮಾಡಬೇಕಾದ ಒಂದು ಕೆಲಸ. ಅವರು ಉಳಿಸಿಕೊಳ್ಳಬೇಕೆಂದದ್ದು ಅದನ್ನೇ.

ಗೋಪುರ 2011ರಿಂದ ಮುಚ್ಚಿದ್ದು 2023ರಲ್ಲಿ ಮತ್ತೆ ತೆರೆದಿದೆ. ಅವರಿಗೆ ಹತ್ತಲಾಗುವುದಿಲ್ಲ. ಬೆಳಿಗ್ಗೆ ಗಡ್ಡ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಅದರ ಬುಡದವರೆಗೆ ಹೋಗಿ ಬರುತ್ತಾರೆ. ಬ್ಲೇಡಿದ್ದಾಗ ಬಚ್ಚಲಿನಿಂದ ಸದ್ದೇ ಕೇಳುತ್ತಿರಲಿಲ್ಲ, ಮಗಳು ಬಾಗಿಲಾಚೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಈಗ ಗುಂಯ್ ಸದ್ದು ಕೇಳುವಷ್ಟು ಹೊತ್ತು ಅವಳು ಕಾಫಿ ಸೋಸುತ್ತಾಳೆ. ಗಲ್ಲದ ಕೆಳಗೆ, ಹಿಂದೆ ಗಾಯವಾದಲ್ಲಿ, ದಿನಾ ಒಂದಿಷ್ಟು ಬಿಳಿ ಕೂದಲು ಉಳಿದಿರುತ್ತದೆ. "ಸರಿಯಾಗಿದೆಯೇನೇ?" ಎಂದು ಕೇಳುತ್ತಾರೆ.

"ಸರಿಯಾಗಿದೆ ಅಪ್ಪ" ಎನ್ನುತ್ತಾಳೆ.