ಒಣಹುಲ್ಲಿನ ಬಣ್ಣ ಬರುವ ತನಕ

ಕಮ್ಮಾರನ ಕುಲುಮೆ ಯಾಕೆ ಯಾವಾಗಲೂ ಮಬ್ಬಾಗಿರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಮಸಿಯನ್ನೋ ಬಡತನವನ್ನೋ ತೋರಿಸುತ್ತಾರೆ. ಅಸಲು ಕಾರಣ ಬೇರೆ. ಕಾದ ಉಕ್ಕಿನ ಕೆಂಪು ಬಿಸಿಲಿನಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಕೈ ಸುಡುವುದಿರಲಿ, ಮರ ಹೊತ್ತಿಸುವಷ್ಟು ಕಾದಿದ್ದರೂ ಕರ್ರಗೇ ಕಾಣುತ್ತದೆ. ನಮ್ಮೂರಿನ ಕಮ್ಮಾರರು ಹದ ಹಾಕುವ ಮುಂಚೆ ಕಿಟಕಿಗೆ ಗೋಣಿತಾಟು ಇಳಿಬಿಡುತ್ತಿದ್ದುದು ಅದಕ್ಕೇ.

ಕುಲುಮೆಯ ಮುಂದೆ ಕೂತು ನೋಡುವುದು ನನ್ನ ಹಳೆಯ ಚಟ. ಮಚ್ಚಿಗಾದರೆ ಲಾರಿಯ ಕಮಾನುಪಟ್ಟಿ ಸಾಕು, ಅದು ಬಡಿತ ತಾಳಿದರಾಯಿತು. ಮರಗೆಲಸದ ಉಳಿಗೆ ಮಾತ್ರ ಸವೆದ ಅರವೇ ಆಗಬೇಕು. ಅರದ ಉಕ್ಕಿನಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಇಂಗಾಲ. ಕಮಾನುಪಟ್ಟಿಯಲ್ಲಿ ಅದರ ಅರ್ಧದಷ್ಟು. ಗುರುತು ಸಿಗದ ತುಂಡು ಬಂದರೆ ಸಾಣೆಗೆ ಹಿಡಿದು ನೋಡುತ್ತಾರೆ. ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದು ಆರಿಹೋಗುತ್ತದೆ. ಇಂಗಾಲ ಹೆಚ್ಚಿದ್ದರೆ ಕಿಡಿ ಕವಲೊಡೆದು ಸಿಡಿಯುತ್ತದೆ.

ಬಡಿದು ರೂಪ ಕೊಟ್ಟ ಮೇಲೆಯೇ ನಿಜವಾದ ಕೆಲಸ ಶುರು. ಉಳಿಯ ತುದಿಯನ್ನು ಕೆಂಪಗೆ ಕಾಯಿಸಬೇಕು. ಎಷ್ಟು ಕೆಂಪು? ಅಯಸ್ಕಾಂತ ಕಚ್ಚದಷ್ಟು, ಆಮೇಲೆ ಇನ್ನೊಂದು ಚೂರು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತದ ಸಹವಾಸ ಬಿಡುತ್ತದೆ. ಹೆಚ್ಚುಕಮ್ಮಿ ಅದೇ ಶಾಖದಲ್ಲಿ ಅದರ ಹರಳುಗಳ ಕಟ್ಟಡವೂ ಬದಲಾಗಿ, ಇಂಗಾಲ ಒಳಗೆ ಕರಗಿ ಕೂರುತ್ತದೆ. ಆಗ ಥಟ್ಟನೆ ನೀರಿಗೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಪುರಸೊತ್ತಿಲ್ಲ. ಇದ್ದಲ್ಲೇ ಸಿಕ್ಕಿಬಿದ್ದು ಹರಳನ್ನೆಲ್ಲ ಬಿಗಿದುಬಿಡುತ್ತದೆ. ಲೋಹಶಾಸ್ತ್ರದವರು ಇದನ್ನು ಮಾರ್ಟೆನ್‌ಸೈಟ್ ಅನ್ನುತ್ತಾರೆ. ಅದರ ಮೇಲೆ ಅರ ಹಾಕಿದರೆ ಅರವೇ ಜಾರುತ್ತದೆ. ಗೆದ್ದೆವೆಂದು ಬೀಗುತ್ತ ಉಳಿಯನ್ನು ಚಪ್ಪಡಿಯ ಮೇಲೆ ಬೀಳಿಸಿದಿರೋ, ಹಪ್ಪಳದ ಹಾಗೆ ಎರಡು ತುಂಡು.

ಆದ್ದರಿಂದ ಕಮ್ಮಾರರು ಅದ್ದುವುದು ತುದಿಯ ಅಂಗುಲವನ್ನು ಮಾತ್ರ. ಹಿಂದಿನ ಭಾಗದಲ್ಲಿ ಬಿಸಿ ಹಾಗೇ ಉಳಿದಿರುತ್ತದೆ. ಒಡನೆಯೇ ಸಾಣೆಕಲ್ಲಿನ ಚೂರಿನಿಂದ ತುದಿಯ ಕರಿಯನ್ನು ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಹಿಂದಿನ ಶಾಖ ಮೆಲ್ಲಗೆ ಇಳಿಯುತ್ತಿದ್ದಂತೆ ಆ ಬಿಳಿಯ ಮೇಲೆ ಬಣ್ಣಗಳು ಸಾಲುಗಟ್ಟಿ ಬರುತ್ತವೆ: ಮುಂದೆ ಒಣಹುಲ್ಲಿನ ಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ಕೊನೆಗೆ ನೀಲಿ. ಎಲ್ಲವೂ ಆಕ್ಸೈಡಿನ ತೆಳು ಪೊರೆಯ ಆಟ. ಹಳದಿಯೆಂದರೆ ಸುಮಾರು 230 ಡಿಗ್ರಿ, ನೀಲಿಯೆಂದರೆ 300ರ ಆಸುಪಾಸು. ಅಲ್ಲಿಯವರೆಗೆ ಊರ ಸುದ್ದಿಯೆಲ್ಲ ಹೇಳುತ್ತಿದ್ದ ಕಮ್ಮಾರರು ಈಗ ಮಾತು ನಿಲ್ಲಿಸುತ್ತಾರೆ. ಹಳದಿ ಉಳಿಯ ಬಾಯಿ ಮುಟ್ಟಿತೋ, ಇಡೀ ಉಳಿ ನೀರೊಳಗೆ. ತಡವಾಗಿ ನೀಲಿ ಬಂದುಬಿಟ್ಟರೆ ಅದು ಸ್ಪ್ರಿಂಗಿಗೆ ಸರಿ, ಉಳಿಗಲ್ಲ. ಒಂದಿಷ್ಟು ಗಡಸು ಬಿಟ್ಟುಕೊಟ್ಟು ತಾಳಿಕೆ ಕೊಳ್ಳುವ ಈ ವ್ಯಾಪಾರದಷ್ಟು ಲೆಕ್ಕದ ವ್ಯಾಪಾರ ಸಂತೆಯಲ್ಲೂ ನಡೆಯುವುದಿಲ್ಲ.

ಉಕ್ಕಿನ ಕಸುಬು ನಮ್ಮ ಸೀಮೆಗೆ ಹಳೆಯದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ತಂಗಡಿ ಕಡ್ಡಿ, ಹಸಿರೆಲೆ ತುಂಬಿ, ಬಾಯಿ ಮೆತ್ತಿ ಉಕ್ಕು ಇಳಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಇಂಥ ಉಕ್ಕು ಲಂಡನ್ನಿಗೂ ಹೋಯಿತು. ಅದರ ಗುಟ್ಟು ಹುಡುಕಲು ಹೊರಟವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. ಆತನೂ ಕಮ್ಮಾರನ ಮಗನೇ.

ಹದಕ್ಕಿಂತ ಹೆಚ್ಚು ಕಾಯಿಸಿದರೆ ಉಕ್ಕು ಕೆಟ್ಟಿತೆಂಬುದು ಎಲ್ಲ ಕುಲುಮೆಗಳ ಶಾಸ್ತ್ರ. ಆ ಶಾಸ್ತ್ರ ಮುರಿದವರು ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಫ್ರೆಡರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್. ಕೂಲಿಯವರ ಬೆನ್ನಿಗೆ ಸ್ಟಾಪ್‌ವಾಚ್ ಕಟ್ಟಿದ ಟೇಲರ್ ಇವನೇ. ಆ ವಿಷಯದಲ್ಲಿ ಅವನ ಮೇಲೆ ನನಗೆ ಪ್ರೀತಿಯಿಲ್ಲ. ಆದರೆ 1898ರ ಹೊತ್ತಿಗೆ ಇವರಿಬ್ಬರೂ ಟಂಗ್‌ಸ್ಟನ್, ಕ್ರೋಮಿಯಂ ಬೆರೆತ ಉಕ್ಕನ್ನು ಇನ್ನೇನು ಕರಗಬೇಕು ಅನ್ನುವಷ್ಟು ಕಾಯಿಸಿ ನೋಡಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಉಳಿ, ತುದಿ ಕೆಂಡದಂತೆ ಕೆಂಪಾಗಿದ್ದರೂ, ಉಕ್ಕನ್ನು ಹೆರೆಯುತ್ತಲೇ ಇತ್ತು. ಹೈಸ್ಪೀಡ್ ಸ್ಟೀಲ್ ಎಂದು ನಾವು ಕರೆಯುವುದು ಇದನ್ನೇ: ಶೇಕಡಾ 18 ಟಂಗ್‌ಸ್ಟನ್, 4 ಕ್ರೋಮಿಯಂ, 1 ವನೇಡಿಯಂ ಇದರ ಹಳೆಯ ಪಾಕ. 1,280 ಡಿಗ್ರಿ ತನಕ ಕಾಯಿಸಿ ತಣಿಸಿ, ಮತ್ತೆ 550ರ ಸುತ್ತ ಎರಡು ಮೂರು ಸಲ ಹದ ಹಾಕುತ್ತಾರೆ. ಉಳಿದ ಉಕ್ಕು ಮೆತ್ತಗಾಗುವ ಆ ಶಾಖದಲ್ಲಿ ಇದು ಇನ್ನಷ್ಟು ಗಡಸಾಗುತ್ತದೆ.

ಬೆಂಗಳೂರಿನ ಪೀಣ್ಯದ ಟೂಲ್‌ರೂಮುಗಳಲ್ಲಿ ಈಗ ಗೋಣಿತಾಟಿಲ್ಲ. ಓಎಚ್‌ಎನ್‌ಎಸ್ ಎಂಬ ಉಕ್ಕು ಗಡಸಾಗಲು ಎಣ್ಣೆಗೆ ಇಳಿಯುತ್ತದೆ. ಶೇಕಡಾ 12ರಷ್ಟು ಕ್ರೋಮಿಯಂ ಇರುವ ಡಿ2 ಎಂಬ ಉಕ್ಕು ಬರೀ ಗಾಳಿಗೇ ಗಡಸಾಗುತ್ತದೆ. ರಾಕ್‌ವೆಲ್ ಯಂತ್ರ ವಜ್ರದ ಮೊನೆಯಿಂದ ಚುಚ್ಚಿ ಗಡಸಿನ ಅಂಕೆ ಹೇಳುತ್ತದೆ. ಕಣ್ಣಿನ ಅಂದಾಜು ಹೋಯಿತಲ್ಲ ಎಂದು ಮರುಗುವವರ ಜೊತೆ ನಾನಿಲ್ಲ. ಲಕ್ಷಾಂತರ ರೂಪಾಯಿಯ ಡೈಯನ್ನು ಬಣ್ಣ ನೋಡಿ ಹದ ಹಾಕುವುದು ಹುಚ್ಚುತನ. ಒಂದು ಉಳಿಗೆ, ಒಂದು ಕತ್ತಿಗೆ ಮಾತ್ರ ಆ ಕಣ್ಣು ಇವತ್ತಿಗೂ ಸಾಕು.

ಆ ಕಣ್ಣು ನಿಮಗೂ ಒಂಚೂರು ಇರಲಿ. ಮನೆಯ ಉಳಿಯನ್ನೋ ಕತ್ತಿಯನ್ನೋ ಗ್ರೈಂಡರಿಗೆ ಹಿಡಿಯುವಾಗ ಪಕ್ಕದಲ್ಲಿ ಒಂದು ಡಬ್ಬ ನೀರಿಟ್ಟುಕೊಂಡು ಆಗಾಗ ಅದ್ದುತ್ತಿರಿ. ಬಾಯಿಯ ಅಂಚು ನೀಲಿಗೆ ತಿರುಗಿತೋ, ಅಷ್ಟು ಭಾಗದ ಹದ ಹೋಯಿತೆಂದೇ ಲೆಕ್ಕ. ಅದನ್ನು ಪೂರ್ತಿ ಮಸೆದು ತೆಗೆಯದೆ ಬೇರೆ ದಾರಿಯಿಲ್ಲ.